ಹೊಲಿಗೆಯಂತ್ರವೂ ಪರಿಗ್ರಹವೂ

1924ರಲ್ಲಿ ಯಂತ್ರವ್ಯಾಮೋಹವನ್ನು ಖಂಡಿಸುತ್ತಲೇ ಮಹಾತ್ಮ ಗಾಂಧೀಜಿಯವರು ಸಿಂಗರ್ ಹೊಲಿಗೆಯಂತ್ರಕ್ಕೆ ವಿನಾಯಿತಿ ನೀಡಿದ್ದರು. ಹೆಂಡತಿಯ ಶ್ರಮಕ್ಕೆ ಮರುಗಿದ ಪ್ರೀತಿಯಿಂದ ಅದು ಹುಟ್ಟಿತೆಂಬುದು ಅವರ ಭಾವನೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಹವ್ಯಾಸಕ್ಕಾಗಿ ಹೊಲಿಯುವ ಗೃಹಿಣಿಯು ವಿದ್ಯುತ್ ಯಂತ್ರವನ್ನು ಕಲಿಯುವಾಗ ಮೊದಲು ಪಳಗಿಸಬೇಕಾದುದು ಪಾದವನ್ನು. ತುಳಿದಷ್ಟೇ ಓಡುತ್ತಿದ್ದ ಸೂಜಿ ಈಗ ತುಸು ಒತ್ತಿದರೂ ಧಾವಿಸುತ್ತದೆ. ಆಪತ್ತು ಬೆರಳಿಗಷ್ಟೇ ಅಲ್ಲ. ವೇಗದೊಡನೆ ಹೊಸ ಬಟ್ಟೆಯ ಹಂಬಲವೂ ಬೆಳೆಯುತ್ತದೆ. ಪರಿಗ್ರಹಕ್ಕೆ ಮಿತಿ ಹಾಕಿಕೊಂಡ ಮನೆಯಲ್ಲೂ ಚೀಲದ ಮೇಲೆ ಚೀಲ, ದಿಂಬುಗವಸಿನ ಮೇಲೆ ದಿಂಬುಗವಸು! (ಬಟ್ಟೆ ವರ್ತಕರಿಗೆ ಈ ಮಾತು ರುಚಿಸದಿರಬಹುದು.)

ಕೌದಿಯ ರೀತಿ ಬೇರೆ. ಅದಕ್ಕೆ ಬೇಕಾದುವು ಮನೆಯಲ್ಲೇ ಸವೆದ ಸೀರೆ, ಪಂಚೆಗಳು. ಅವುಗಳ ದಪ್ಪ ಪದರಗಳು ಮನೆಬಳಕೆಯ ಯಂತ್ರಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ತುಂಡುಗಳನ್ನು ಯಂತ್ರದಲ್ಲಿ ಜೋಡಿಸಿ, ಪದರಗಳನ್ನು ಕೈಯಿಂದಲೇ ಹೊಲಿಯುವುದು ಲೇಸು.