ದಿಯೆನ್ ಬಿಯೆನ್ ಫು: ಆಟದ ಹಲಗೆಗೆ ಇಳಿದ ಕಣಿವೆ

ವಿಯೆಟ್ನಾಮಿನ ವಾಯವ್ಯ ಮೂಲೆಯಲ್ಲಿ, ಲಾವೋಸ್ ಗಡಿಯ ಮಗ್ಗುಲಲ್ಲಿ, ದಿಯೆನ್ ಬಿಯೆನ್ ಫು ಎಂಬ ಊರಿದೆ. ಹನೋಯಿಯಿಂದ ವಿಮಾನದಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಬಸ್ಸು ಹಿಡಿದರೆ ಘಟ್ಟ ಹತ್ತಿ ಇಳಿಯುವುದರಲ್ಲೇ ಒಂದು ಹಗಲೋ ಒಂದು ರಾತ್ರಿಯೋ ಕಳೆದುಹೋಗುತ್ತದೆ. ದೊಡ್ಡದೊಂದು ಬೋಗುಣಿಯ ಅಂಚಿನಂತೆ ಸುತ್ತಲೂ ಬೆಟ್ಟ. ತಳದಲ್ಲಿ ಸುಮಾರು 18 ಕಿ.ಮೀ. ಉದ್ದದ ಗದ್ದೆಬಯಲು, ಅದನ್ನು ಸೀಳಿಕೊಂಡು ಹರಿಯುವ ನಾಮ್ ರೋಮ್ ಹೊಳೆ. ಮಾರ್ಚಿ ತಿಂಗಳಲ್ಲಿ ಬೆಟ್ಟದ ಮೈಯೆಲ್ಲ ಹೂವು. ಅಲ್ಲಿಯವರು 'ಬಾನ್' ಎನ್ನುವ ಆ ಮರ ನಮಗೆ ಅಪರಿಚಿತವಲ್ಲ. ಎಲೆ ಗೊರಸಿನಂತಿರುವ ನಮ್ಮ ಮಂದಾರವೇ ಅದು.

ಆ ಹೂವಿನ ಕಾಲದಲ್ಲೇ, 1954ರ ಮಾರ್ಚ್ 13ರ ಸಂಜೆ, ಈ ಬೋಗುಣಿಯ ಅಂಚಿನಿಂದ ತಳಕ್ಕೆ ಫಿರಂಗಿ ಗುಂಡುಗಳು ಬೀಳತೊಡಗಿದವು. 56 ದಿನಗಳ ಬಳಿಕ, ಮೇ 7ರಂದು, ಇಂಡೋಚೀನಾದಲ್ಲಿ ಫ್ರೆಂಚರ ಆಳ್ವಿಕೆಯ ಕತೆ ಮುಗಿದಂತಾಯಿತು. ಈ ಕಾಳಗವನ್ನು ಹಲಗೆಯ ಮೇಲೆ ಆಡುವ ಆಟವೊಂದು ಅಮೆರಿಕದಲ್ಲಿ 1977ರಲ್ಲೇ ಬಂತು, ಹೆಸರು 'ಸಿಟಾಡೆಲ್'. 2011ರಲ್ಲಿ ವಿಯೆಟ್ನಾಮಿನ ಹುಡುಗರೇ ಒಂದು ಕಂಪ್ಯೂಟರ್ ಆಟ ತಯಾರಿಸಿ, ಗೆಲುವಿನ ತಾರೀಖನ್ನೇ ಹಿಡಿದು '7554' ಎಂದು ಹೆಸರಿಟ್ಟರು. ಮಕ್ಕಳು ಯುದ್ಧದಾಟದ ಮುಂದೆ ಕುಳಿತರೆ ಗೊಣಗುವ ತಂದೆತಾಯಿಗಳು, ಅಂಥದೊಂದು ಆಟವನ್ನು ಕಟ್ಟುವವನು ಏನೆಲ್ಲ ಓದಬೇಕಾಗುತ್ತದೆ ಎಂಬುದನ್ನೊಮ್ಮೆ ಯೋಚಿಸಬೇಕು.

ಮೊದಲ ತೊಡಕು ಇದು. ಬುದ್ಧಿ ನೆಟ್ಟಗಿರುವ ಯಾವ ಆಟಗಾರ ತಾನೇ ತನ್ನ ಕಾಯಿಗಳನ್ನೆಲ್ಲ ಬೋಗುಣಿಯ ತಳದಲ್ಲಿಟ್ಟು ಅಂಚನ್ನು ಎದುರಾಳಿಗೆ ಬಿಟ್ಟುಕೊಡುತ್ತಾನೆ? ಫ್ರೆಂಚ್ ದಂಡನಾಯಕ ಆನ್ರಿ ನವಾರ್ ದಡ್ಡನೇನಲ್ಲ. ಲಾವೋಸಿನ ದಾರಿಯನ್ನು ಕಟ್ಟಬೇಕಿತ್ತು. ಕಣಿವೆಯಲ್ಲಿ ವಿಮಾನ ಇಳಿಯಲು ಪಟ್ಟಿಯಿತ್ತು. 1952ರಲ್ಲಿ ನಾ ಸಾನ್ ಎಂಬಲ್ಲಿ ಇಂಥದೇ ಕೋಟೆ ಕಟ್ಟಿ, ವಿಮಾನದಿಂದಲೇ ಅನ್ನ ಮದ್ದು ತರಿಸಿಕೊಂಡು, ವಿಯೆತ್ ಮಿನ್ ಸೇನೆಯನ್ನು ಹಿಮ್ಮೆಟ್ಟಿಸಿದ್ದೂ ಆಗಿತ್ತು. 1953ರ ನವೆಂಬರ್ 20ರಂದು ಕಣಿವೆಗೆ ಪ್ಯಾರಾಚೂಟುಗಳು ಇಳಿದವು. ಹತ್ತು ಟ್ಯಾಂಕುಗಳನ್ನೂ ಬಿಡಿಬಿಡಿಯಾಗಿ ವಿಮಾನದಲ್ಲಿ ತಂದು ಅಲ್ಲೇ ಜೋಡಿಸಿದರು. ಆದ್ದರಿಂದ ಫ್ರೆಂಚ್ ಪಕ್ಷ ಹಿಡಿದ ಆಟಗಾರನಿಗೆ ಶುರುವಿನಲ್ಲಿ ಗೆಲ್ಲುವ ನಂಬಿಕೆ ಹುಟ್ಟಬೇಕು. ಆ ನಂಬಿಕೆ ಹುಟ್ಟಿಸದ ಆಟ ಚರಿತ್ರೆಗೆ ಮೋಸ ಮಾಡಿದಂತೆ.

ನಂಬಿಕೆ ಮುರಿಯುವುದು ಫಿರಂಗಿಯ ವಿಷಯದಲ್ಲಿ. ಬೆಟ್ಟದ ಆಚೆ ಮಗ್ಗುಲಲ್ಲಿ ಫಿರಂಗಿ ಇಟ್ಟರೆ ಹೊಗೆ ನೋಡಿ ಹೊಡೆಯಬಹುದು, ಈಚೆ ಮುಖಕ್ಕೆ ತರಲು ಯಾರಿಗೂ ಸಾಧ್ಯವಿಲ್ಲ ಎಂದು ಫ್ರೆಂಚರು ಎಣಿಸಿದ್ದರು. ಒಂದೊಂದೂ ಎರಡು ಟನ್ನಿಗೂ ಮೀರಿ ತೂಗುವ 105 ಮಿ.ಮೀ. ಫಿರಂಗಿಗಳನ್ನು ವಿಯೆತ್ ಮಿನ್ ಸೈನಿಕರು ಹಗ್ಗ ಕಟ್ಟಿ ಕೈಯಿಂದಲೇ ಎಳೆದರು. ಕಣಿವೆಯತ್ತ ಮುಖ ಮಾಡಿದ ಇಳಿಜಾರಿನಲ್ಲಿ ಗುಹೆ ಕೊರೆದು ಒಳಗಿಟ್ಟರು. ಗುರಿ ನೇರ ಕಣ್ಣೆದುರೇ.

ಇದಕ್ಕೂ ಮೊದಲು ಅನ್ನದ ಲೆಕ್ಕವಿದೆ. ಇದಕ್ಕೆ ಪ್ರಾಥಮಿಕ ಶಾಲೆಯ ಗಣಿತ ಸಾಕು. ಉದಾಹರಣೆಗೆ, ಒಬ್ಬ ಹಮಾಲಿ 20 ಕೆ.ಜಿ. ಅಕ್ಕಿ ಹೊರುತ್ತಾನೆ, ದಿನಕ್ಕೆ ಒಂದು ಕೆ.ಜಿ. ತಾನೇ ಉಣ್ಣುತ್ತಾನೆ ಎಂದಿಟ್ಟುಕೊಳ್ಳಿ. ಹೋಗಲು ಹತ್ತು ದಿನ, ಬರಲು ಹತ್ತು ದಿನ. ಮುಂಚೂಣಿಗೆ ಉಳಿಯುವುದು ಸೊನ್ನೆ! ಅದೇ ಮನುಷ್ಯ ಸೈಕಲ್ಲಿನ ಮೇಲೆ 200 ಕೆ.ಜಿ. ಹೇರಿ ತಳ್ಳಿಕೊಂಡು ಹೋದರೆ 180 ಕೆ.ಜಿ. ತಲುಪುತ್ತದೆ. ನಿಜವಾಗಿ ನಡೆದದ್ದೂ ಹೀಗೆಯೇ. ಹ್ಯಾಂಡಲಿಗೊಂದು ಬಿದಿರುಕೋಲು, ಸೀಟಿನ ಕಂಬಕ್ಕೊಂದು ಕೋಲು ಕಟ್ಟಿ, ಟೈರಿನೊಳಗೆ ಹಳೆ ಬಟ್ಟೆ ತುರುಕಿ, ಸಾವಿರಾರು ಸೈಕಲ್ಲುಗಳು ಕಾಡುದಾರಿಯಲ್ಲಿ ಸಾಗಿದವು. ಭಾರ ಹೊತ್ತದ್ದು ಚಕ್ರ, ಮನುಷ್ಯ ತಳ್ಳಿದ್ದಷ್ಟೆ. ಲಾರಿಗಳೂ ಇದ್ದವು; ಎರಡು ಲಕ್ಷಕ್ಕೂ ಹೆಚ್ಚು ಗಂಡಸರು ಹೆಂಗಸರು ಈ ಕೆಲಸಕ್ಕೆ ನಿಂತರು. ಆಟದ ಹಲಗೆ ಕಣಿವೆಯಷ್ಟನ್ನೇ ತೋರಿಸಿದರೆ ಯುದ್ಧದ ಅರ್ಧ ಭಾಗ ಹಲಗೆಯ ಹೊರಗೇ ಉಳಿದುಬಿಡುತ್ತದೆ.

ಫ್ರೆಂಚರ ಅನ್ನ ಆಕಾಶದಿಂದ ಬರಬೇಕಿತ್ತು. ಮಾರ್ಚ್ ಕೊನೆಗೆ ವಿಮಾನ ಇಳಿಯುವುದು ನಿಂತಿತು. ಮುಂದೆ ಪ್ಯಾರಾಚೂಟಿನ ಗಂಟುಗಳೇ ಗತಿ. ಕೋಟೆ ಚಿಕ್ಕದಾದಷ್ಟೂ ಗಂಟುಗಳು ಎದುರಾಳಿಯ ಕಂದಕಕ್ಕೆ ಬೀಳುತ್ತಿದ್ದವು. ದಾಳ ಉರುಳಿಸಲು ಇದಕ್ಕಿಂತ ಸರಿಯಾದ ಜಾಗ ಆಟದಲ್ಲಿ ಇನ್ನೊಂದಿಲ್ಲ.

ದಾಳಕ್ಕೆ ಸಿಕ್ಕದ ಸಂಗತಿಯೂ ಉಂಟು. ಸೇನಾಪತಿ ವೊ ನುಯೆನ್ ಜಾಪ್ ಹಿಂದೆ ಹನೋಯಿಯ ಶಾಲೆಯೊಂದರಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದ ಮೇಷ್ಟರು. 1954ರ ಜನವರಿ ಕೊನೆಯಲ್ಲಿ ದಾಳಿಗೆ ಎಲ್ಲವೂ ಸಜ್ಜಾಗಿತ್ತು. ಆಗ ಅವರು ದಾಳಿಯನ್ನು ನಿಲ್ಲಿಸಿ, ಪ್ರಾಣ ಒತ್ತೆಯಿಟ್ಟು ಎಳೆತಂದ ಫಿರಂಗಿಗಳನ್ನು ಮತ್ತೆ ಹಿಂದಕ್ಕೆ ಎಳೆಸಿದರು. ತಮ್ಮ ಬಾಳಿನ ಅತಿ ಕಷ್ಟದ ತೀರ್ಮಾನ ಅದೆಂದು ಮುಂದೆ ಹೇಳಿಕೊಂಡರು. ಆಟದಲ್ಲಿ ಕಾಯುವ ಆಟಗಾರನಿಗೆ ಬೇಸರವಾಗುತ್ತದೆ. ಆ ಬೇಸರವನ್ನು ತೆಗೆದುಹಾಕುವವರು ಈ ಯುದ್ಧದ ತಿರುಳನ್ನೇ ತೆಗೆದಂತೆ.

ಇನ್ನು ಕಾಯಿಗಳ ಬಣ್ಣ. ಫ್ರೆಂಚರಿಗೆ ನೀಲಿ ಎಂದರೆ ಮುಗಿಯಿತೆ? ಬಿಯಾತ್ರಿಸ್ ದಿಣ್ಣೆಯಲ್ಲಿದ್ದದ್ದು ವಿದೇಶೀ ದಳ. ಅದರಲ್ಲಿ ಜರ್ಮನರು ಬಹಳ. ಗೇಬ್ರಿಯಲ್ ದಿಣ್ಣೆಯನ್ನು ಕಾಯ್ದವರು ಅಲ್ಜೀರಿಯದವರು. ಆನ್ ಮಾರಿಯಲ್ಲಿದ್ದ ಅಲ್ಲಿನ ತಾಯ್ ಬುಡಕಟ್ಟಿನ ಸೈನಿಕರು ರಾತ್ರಿ ಮೆಲ್ಲಗೆ ಜಾರಿಕೊಂಡರು. ಮೊರಾಕ್ಕೊದವರು, ಪಶ್ಚಿಮ ಆಫ್ರಿಕದವರು, ವಿಯೆಟ್ನಾಮಿನವರೇ ಆದ ಪ್ಯಾರಾಚೂಟು ಸೈನಿಕರು ಎಲ್ಲರೂ ಒಂದೇ ನೀಲಿ! ಕೋಟೆ ಬಿದ್ದು ಆರು ತಿಂಗಳು ತುಂಬುವ ಮೊದಲೇ, ನವೆಂಬರ್ 1ರಂದು, ಅಲ್ಜೀರಿಯದಲ್ಲೂ ಸ್ವಾತಂತ್ರ್ಯ ಯುದ್ಧ ಹೊತ್ತಿಕೊಂಡಿತು. ಕೋಟೆ ಬಿದ್ದ ಮರುದಿನವೇ ಜಿನೀವಾದಲ್ಲಿ ಇಂಡೋಚೀನಾದ ಮಾತುಕತೆ ಆರಂಭವಾಗಿತ್ತು. ಜುಲೈ ಒಪ್ಪಂದದ ಬಳಿಕ ಕದನವಿರಾಮದ ಉಸ್ತುವಾರಿಗೆ ನೇಮಕವಾದ ಆಯೋಗದ ಅಧ್ಯಕ್ಷತೆ ಭಾರತಕ್ಕೆ ಬಂತು. ತಮ್ಮ ಮನೆಗಳನ್ನೇ ಕಿತ್ತು ಮರವನ್ನು ಕಂದಕದ ಸೂರಿಗೆ ಬಳಸಿದ್ದನ್ನು ನೋಡಿದ ಕಣಿವೆಯ ತಾಯ್ ರೈತರಿಗಂತೂ ಯಾವ ಬಣ್ಣದ ಕಾಯಿಯೂ ಇಲ್ಲ.

ಊರಿನ ನಡುವೆಯೇ ಎ-1 ಗುಡ್ಡವಿದೆ. ಫ್ರೆಂಚರು ಅದನ್ನು ಎಲಿಯಾನ್-2 ಎನ್ನುತ್ತಿದ್ದರು. ನೆತ್ತಿಯಲ್ಲಿ ಹುಲ್ಲು ಮುಚ್ಚಿದ ದೊಡ್ಡ ಹೊಂಡ. ಸೈನಿಕರು ದಿನಗಟ್ಟಲೆ ಸುರಂಗ ಕೊರೆದು, ಸುಮಾರು ಒಂದು ಟನ್ ಸಿಡಿಮದ್ದು ತುಂಬಿ, ಮೇ 6ರ ರಾತ್ರಿ ಸಿಡಿಸಿದ ಜಾಗ. ಮೇಲಿದ್ದವರಿಗೆ ಕೆಳಗೆ ಅಗೆಯುವ ಸದ್ದು ಕೇಳುತ್ತಿತ್ತು. ಒಂದು ದಿನ ಸದ್ದು ನಿಂತಿತು. ಇದನ್ನು ಆಟದೊಳಗೆ ತರುವುದು ಹೇಗೆಂದು ಯಾವ ಜಾಣನೂ ತಲೆ ಕೆರೆದುಕೊಳ್ಳಬೇಕಾದದ್ದೇ.

ಗುಡ್ಡದಿಂದ ಇಳಿದರೆ ಹತ್ತಿರದಲ್ಲೇ ವಿಯೆಟ್ನಾಮ್ ಸೈನಿಕರ ಸ್ಮಶಾನ. ಸಾಲು ಸಾಲಾಗಿ ಆರುನೂರಕ್ಕೂ ಮೀರಿದ ಸಮಾಧಿಗಳು. ಹೆಸರು ಕೆತ್ತಿರುವ ಕಲ್ಲುಗಳು ನಾಲ್ಕಾರು ಮಾತ್ರ. ಬಂದವರು ಊದುಬತ್ತಿಯ ಕಟ್ಟು ಹಿಡಿದು, ಯಾರದೆಂದು ಕೇಳದೆ, ಒಂದೊಂದಕ್ಕೂ ಒಂದೊಂದು ಕಡ್ಡಿ ಸಿಕ್ಕಿಸುತ್ತ ಹೋಗುತ್ತಾರೆ.