ಅಡಿಕೆ, ಅರಿಶಿನ ಮತ್ತೊಂದು ಆ್ಯಂಟಿಬಾಡಿ

ನಾನು ಇಂಜಿನಿಯರಿಂಗ್ ಓದಿದ್ದು ಅಡಿಕೆ ದುಡ್ಡಲ್ಲಿ. ಊರು ಉಡುತಡಿ. ಅಕ್ಕಮಹಾದೇವಿಯ ಊರು ಅಂದ್ರೆ ಎಲ್ರಿಗೂ ಗೊತ್ತಾಗತ್ತೆ, ಶಿರಾಳಕೊಪ್ಪದ ಹತ್ರ ಅಂದ್ರೆ ಬಸ್ಸಿನವರಿಗೆ ಮಾತ್ರ. ನಾನು ಸಣ್ಣವನಿದ್ದಾಗ ನಮ್ಮದು ಭತ್ತದ ಗದ್ದೆ. ಈಗ ಅಲ್ಲೆಲ್ಲ ತೋಟ. ಹಾಗಾಗಿ ಅಡಿಕೆಯಿಂದ ಕ್ಯಾನ್ಸರ್ ಬರತ್ತೆ ಅನ್ನೋ ಮಾತನ್ನ ನಮ್ಮನೆ ಜಗಲಿಯಲ್ಲಿ ಆಡೋ ಹಾಗಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಅಡಿಕೆಯನ್ನು, ತಂಬಾಕು ಸೇರಿಸದಿದ್ದರೂ, ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಹಾಕಿದೆ.

ಎರಡು ವರ್ಷದ ಹಿಂದೆ ಚಿಕ್ಕಪ್ಪನ ಕೆನ್ನೆಯ ಒಳಗೊಂದು ಹುಣ್ಣು ಮಾಗದೇ ಉಳಿಯಿತು. ಬಯಾಪ್ಸಿಯಾಯ್ತು. ಬೇಗ ಆಪರೇಷನ್ ಮಾಡಿಸಿ ಅಂದ್ರು ಡಾಕ್ಟ್ರು. ಅಷ್ಟರಲ್ಲಿ ಫ್ಯಾಮಿಲಿ ಗ್ರೂಪಿಗೆ ಒಂದು ಮೆಸೇಜ್ ಬಂತು: ಅರಿಶಿನ ಮತ್ತು ಮುರುಗಲು ಹಣ್ಣಿಂದ ಬಾಯಿ ಕ್ಯಾನ್ಸರ್ ಮಾಯ, ಬೆಂಗಳೂರಿನ ವಿಜ್ಞಾನಿಗಳಿಂದಲೇ ಸಾಬೀತು! "ಕೊನೆಕೊಯ್ಲು ಮುಗೀಲಿ. ಎರಡು ತಿಂಗಳು ಇದನ್ನೇ ನೋಡಣ" ಅಂದ ಚಿಕ್ಕಪ್ಪ.

ಸುಳ್ಳು ಅಂತ ತಳ್ಳಿಹಾಕೋಣ ಅಂದ್ರೆ, ಅದರ ಹಿಂದೆ ನಿಜವಾದ ಕೆಲಸ ಇತ್ತು. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ 2004ರಲ್ಲಿ ಎರಡು ಸಂಗತಿ ಪ್ರಕಟಿಸಿತ್ತು. ಮುರುಗಲಿನ ಸಿಪ್ಪೆಯಲ್ಲಿರೋ ಗಾರ್ಸಿನಾಲ್, ಅರಿಶಿನದಲ್ಲಿರೋ ಕರ್ಕ್ಯುಮಿನ್, ಎರಡೂ ಪಿ300 ಅನ್ನೋ ಕಿಣ್ವವನ್ನು ತಡೆಯುತ್ತವೆ.

ಏನಿದು ಪಿ300? ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಇದೆ. ಅದು ಹಿಸ್ಟೋನ್ ಅನ್ನೋ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರತ್ತೆ, ಗಾಳಿಪಟದ ದಾರದ ಹಾಗೆ. ಪಿ300 ಹೋಗಿ ಹಿಸ್ಟೋನ್‌ಗೆ ಅಸಿಟೈಲ್ ಅನ್ನೋ ಪುಟ್ಟ ಗುರುತು ಅಂಟಿಸತ್ತೆ. ಆಗ ಸುತ್ತು ಸಡಿಲಾಗಿ ಅಲ್ಲಿನ ಜೀನ್‌ಗಳು ಕೆಲಸ ಶುರು ಮಾಡ್ತವೆ. 2010ರಲ್ಲಿ ಅದೇ ತಂಡ ಬಾಯಿ ಕ್ಯಾನ್ಸರ್ ರೋಗಿಗಳ ಗಡ್ಡೆಯ ಅಂಗಾಂಶ ಪರೀಕ್ಷಿಸಿದಾಗ ಈ ಗುರುತೂ ಜಾಸ್ತಿ, ಪಿ300 ಕೂಡ ಜಾಸ್ತಿ.

ಕಣ್ಣಿಗೆ ಕಾಣದ ಕಿಣ್ವ ಜಾಸ್ತಿ ಇದೆ ಅಂತ ಹೇಳೋದು ಹೇಗೆ? ಆ್ಯಂಟಿಬಾಡಿಯಿಂದ. ಕೋವಿಡ್ ನಂತರ ಈ ಪದ ಯಾರಿಗೂ ಹೊಸದಲ್ಲ. ಮನುಷ್ಯರ ಪಿ300ರ ಒಂದು ತುಣುಕನ್ನು ಮೊಲಕ್ಕೋ ಇಲಿಗೋ ಚುಚ್ಚಿದರೆ ಅದರ ಮೈ ಇದು ಹೊರಗಿನವನು ಅಂತ ಆ್ಯಂಟಿಬಾಡಿ ತಯಾರು ಮಾಡತ್ತೆ. ಅದನ್ನು ಶುದ್ಧ ಮಾಡಿ ರೋಗಿಯ ಅಂಗಾಂಶದ ಮೇಲೆ ಹಾಕಿದರೆ ಪಿ300 ಇದ್ದಲ್ಲಿ ಹೋಗಿ ಕಚ್ಚಿಕೊಳ್ಳತ್ತೆ. ಬಣ್ಣವನ್ನೋ ಬೆಳಕನ್ನೋ ಕೊಡೋ ಇನ್ನೊಂದು ಆ್ಯಂಟಿಬಾಡಿ ಬಂದು ಅದರ ಮೇಲೆ ಕೂತಾಗ ನಮಗೆ ಕಾಣತ್ತೆ.

ತೊಂದರೆ ಇರೋದು ಇಲ್ಲೇ. ಪಿ300ಗೆ ಸಿಬಿಪಿ ಅಂತ ಒಬ್ಬ ದಾಯಾದಿ ಇದ್ದಾನೆ. ರಚನೆ ಹೆಚ್ಚುಕಮ್ಮಿ ಒಂದೇ, ಗಾತ್ರವೂ ಹತ್ತಿರ. ಆ್ಯಂಟಿಬಾಡಿ ಅವನನ್ನೂ ಹಿಡಿದು ಇವನೇ ಅಂತ ತೋರಿಸಬಹುದು. ಅದಕ್ಕೇ ಒಳ್ಳೆ ಲ್ಯಾಬುಗಳಲ್ಲಿ ಪಿ300ರ ಜೀನನ್ನೇ ತೆಗೆದುಹಾಕಿದ ಕೋಶಗಳ ಮೇಲೂ ಅದೇ ಆ್ಯಂಟಿಬಾಡಿ ಹಾಕಿ ನೋಡ್ತಾರೆ. ಅಲ್ಲೂ ಗುರುತು ಕಂಡರೆ ಆ ಬಾಟಲಿಯನ್ನು ನಂಬೋ ಹಾಗಿಲ್ಲ. ನಾವೂ ಆಫೀಸಲ್ಲಿ ಇದನ್ನೇ ಅಲ್ವಾ ಮಾಡೋದು? ಕೋಡ್ ಅಳಿಸಿದ ಮೇಲೂ ಪಾಸಾಗೋ ಟೆಸ್ಟಿಗೆ ಏನು ಬೆಲೆ? ಮೂರು ಗ್ರೂಪಿಗೆ ಫಾರ್ವರ್ಡ್ ಆದ ಮೆಸೇಜಿಗೆ ಇಂಥ ಪರೀಕ್ಷೆ ಯಾರೂ ಇಡಲ್ಲ.

ಚಿಕ್ಕಪ್ಪನಿಗೆ ಇಷ್ಟೆಲ್ಲ ಹೇಳಲಿಲ್ಲ. 2010ರಲ್ಲಿ ಇಲಿಗಳಿಗೆ ಕೊಟ್ಟಿದ್ದು ಅಡುಗೆಮನೆ ಅರಿಶಿನ ಅಲ್ಲ, ಕರ್ಕ್ಯುಮಿನ್‌ನಿಂದ ಲ್ಯಾಬಲ್ಲಿ ಮಾಡಿದ, ನೀರಲ್ಲಿ ಕರಗೋ ಸಿಟಿಕೆ7ಎ ಅನ್ನೋ ಬೇರೆ ವಸ್ತು ಅಂದೆ. ಗಡ್ಡೆ ಬೆಳೆಯೋದು ಚೆನ್ನಾಗಿ ತಗ್ಗಿತು, ಆದರೆ ಅದು ಇಲಿಗಳಲ್ಲಿ. ಮನುಷ್ಯರಿಗೆ ಕೊಟ್ಟು ನೋಡಿದ್ದಲ್ಲ ಅಂದೆ. ನಾವು ತಿನ್ನೋ ಅರಿಶಿನದ ಕರ್ಕ್ಯುಮಿನ್ ರಕ್ತಕ್ಕೆ ಸೇರೋದೇ ತೀರಾ ಕಮ್ಮಿ. ಆ ವಿಜ್ಞಾನಿಗಳು ಆಪರೇಷನ್ ಬೇಡ ಅಂತ ಎಲ್ಲೂ ಹೇಳಿಲ್ಲ.

"ಇಲಿಗೇನು, ಅದಕ್ಕೆ ತೋಟ ಇಲ್ಲ" ಅಂದ. ಮೂರನೇ ದಿನ ಅಡ್ಮಿಟ್ ಆದ.

ಈಗ ಮಾತು ಸ್ವಲ್ಪ ತೊದಲತ್ತೆ, ಊಟ ಮೆತ್ತಗಿರಬೇಕು. ಎಲೆ-ಅಡಿಕೆ ಬಿಟ್ಟಿದ್ದಾನೆ. ತೋಟ ಬಿಟ್ಟಿಲ್ಲ. ಬಿಡು ಅನ್ನೋಕೆ ನನಗೂ ಬಾಯಿ ಬರಲ್ಲ, ನನ್ನ ಬಿಇ ಸರ್ಟಿಫಿಕೇಟೂ ಅದೇ ತೋಟದ ಫಸಲು.

ನಿಮ್ಮ ಮನೇಲಿ ಅಡಿಕೆ, ಗುಟ್ಕಾ ಹಾಕೋರಿದ್ದರೆ ಮುಂದಿನ ಸಲ ಊರಿಗೆ ಹೋದಾಗ ಬಾಯಿ ತೆಗೆಸಿ ನೋಡಿ. ಮೂರು ಬೆರಳು ನಿಲ್ಲಿಸಿ ಹಿಡಿದರೆ ಒಳಗೆ ಹೋಗ್ತವಾ? ಬಿಳಿ ಅಥವಾ ಕೆಂಪು ಕಲೆ, ಮೂರು ವಾರವಾದರೂ ಮಾಗದ ಹುಣ್ಣು ಇದೆಯಾ? ಇದ್ದರೆ ತಕ್ಷಣ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಇಷ್ಟು ನೋಡೋಕೆ ಲ್ಯಾಬೂ ಬೇಡ, ಆ್ಯಂಟಿಬಾಡಿಯೂ ಬೇಡ, ಫೋನಿನ ಟಾರ್ಚ್ ಸಾಕು.