ಹಿತ್ತಿಲ ಹುಂಜವು ಕಲಿಸಿದ ಪಾಠ

ಸಿರಾ ತಾಲ್ಲೂಕಿನ ಮದಲೂರಿನಲ್ಲಿರುವ ನನ್ನ ತವರುಮನೆಯ ಹಿತ್ತಿಲಲ್ಲಿ ಒಂಬತ್ತು ಹೇಟೆಗಳಿಗೆ ಒಂದು ಹುಂಜವಿದ್ದಿತು. ಮರಿಯಾಗಿದ್ದಾಗ ಅದು ಸೆರಗನ್ನು ಕುಕ್ಕಿದರೆ ನಾವೆಲ್ಲರೂ ನಗುತ್ತಿದ್ದೆವು. ಬಲಿತ ಮೇಲೆ ಅದೇ ಹುಂಜವು ತಮ್ಮನ ಮಗಳ ಮೇಲೆ ಹಾರಿ, ಕಣ್ಣಿಗೆ ಬೆರಳಷ್ಟು ಕೆಳಗೆ, ಕಾಲಿನ ಮುಳ್ಳಿನಿಂದ ಕೆನ್ನೆಯನ್ನು ಸೀಳಿತು. ಕೋಲಿನಿಂದ ಹೊಡೆದೆನು, ಹೊಡೆತವನ್ನು ಕಾಳಗದ ಕರೆಯೆಂದೆಣಿಸಿ ಅದು ಇನ್ನೂ ಕೆರಳಿತು. ಮಗುವಿನ ಕಣ್ಣಿಗಿಂತ ಹುಂಜವು ದೊಡ್ಡದಲ್ಲ. ಅದು ಸಾರಿನ ಪಾಲಾಯಿತು.

ಭಾರತದಲ್ಲಿ 1927ರಲ್ಲಿ ರಾಣಿಖೇತದಲ್ಲಿ ಗುರುತಿಸಲ್ಪಟ್ಟ ಕೊಕ್ಕರೆ ರೋಗಕ್ಕೆ ಅಂಜಿ, ಸಂತೆಯಿಂದ ತಂದ ಹೊಸ ಹುಂಜವನ್ನು ಮೂರು ವಾರ ದೂರದಲ್ಲಿಟ್ಟೆವು. ಬಳಿಕ ಒಂದು ವಾರ ಪಂಜರದಲ್ಲಿ ಹೇಟೆಗಳ ಕಣ್ಣೆದುರಿಗೆ ಇರಿಸಿ, ರಾತ್ರಿಯಲ್ಲಿ ಗೂಡಿನೊಳಗೆ ಬಿಟ್ಟೆವು. ಬೆಳಗ್ಗೆ ಕಾಳನ್ನು ಎರಡು ಕಡೆ ಚೆಲ್ಲಿದೆವು. ಹಿರಿಯ ಹೇಟೆಗಳು ಎರಡು ದಿನ ಕುಕ್ಕಿದವು; ರಕ್ತ ಬಾರದ್ದರಿಂದ ನಾವು ನಡುವೆ ಹೋಗಲಿಲ್ಲ. ಮೂರನೆಯ ದಿನ ಎಲ್ಲವೂ ಒಟ್ಟಿಗೆ ಕೆದಕಿದವು.

ಹಳೆಯ ವಿದ್ಯಾರ್ಥಿನಿಯರೇ, ಬೋರ್ಡಿಂಗಿಗೆ ಬಂದ ಮೊದಲ ದಿನವೇ ನಿಮ್ಮನ್ನು ಹಿರಿಯರ ನಡುವೆ ಬಿಟ್ಟು, ಅತ್ತರೆ ಗದರಿಸುತ್ತಿದ್ದವಳು ನಾನೇ. ಕೋಳಿಗೆ ತೋರಿದ ತಾಳ್ಮೆಯನ್ನು ನಿಮಗೆ ತೋರಲಿಲ್ಲ, ಮನ್ನಿಸಿರಿ. ಈಗ ಹೊಸದಾಗಿ ಬರುವ ಪ್ರತಿಯೊಬ್ಬಳಿಗೂ ಮೊದಲ ತಿಂಗಳು ಒಬ್ಬ ಅಕ್ಕನನ್ನು ಜೊತೆಮಾಡುತ್ತೇನೆ.